ಯಂತ್ರಕ್ಕೆ ಬುದ್ಧಿ, ಕೈಗೆ ವಿದ್ಯೆ

ಗೋಕಾಕ ಜಲಪಾತದ ನೀರಿನ ಬಲದಿಂದ 19ನೆಯ ಶತಮಾನದ ಕೊನೆಯಲ್ಲಿಯೇ ನೂಲಿನ ಗಿರಣಿ ತಿರುಗಿತು. ನೇಗಿಲು ಹಿಡಿದ ಕೈಗಳು ಅಂದು ಯಂತ್ರದ ವಿದ್ಯೆಯನ್ನು ಕಲಿತವು. ಇಂದು ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ಸಿದ್ಧವಾಗುತ್ತಿವೆ. ಜಗತ್ತಿನ ಕಾರ್ಖಾನೆಗಳನ್ನು ಕೃತಕ ಬುದ್ಧಿಮತ್ತೆ ಪ್ರವೇಶಿಸುತ್ತಿದೆ. ನಮ್ಮ ಮಕ್ಕಳು ಇದಕ್ಕೆ ಸಿದ್ಧರಾಗುತ್ತಿರುವರೇ?

ಬಿಡಿಭಾಗದ ಮೇಲಿನ ಗೀರನ್ನು ಕ್ಯಾಮೆರಾದ ಕಣ್ಣು ಕ್ಷಣಮಾತ್ರದಲ್ಲಿ ಗುರುತಿಸಬಲ್ಲದು. ಆದರೆ ಅದು ಸವೆದ ಟೂಲಿನಿಂದ ಬಂದಿತೋ, ಬಿಗಿ ಸಡಿಲಾದುದರಿಂದ ಬಂದಿತೋ ಎಂಬುದನ್ನು ಅರಿತು ಸರಿಪಡಿಸಲು ಪಳಗಿದ ಕೆಲಸಗಾರನೇ ಬೇಕು. ಬರಿಯ ಗುಂಡಿ ಒತ್ತಲು ಕಲಿತರೆ ಸಾಲದು. ನಕ್ಷೆ ಓದಲು, ಮೈಕ್ರೋಮೀಟರಿನಿಂದ ಅಳೆಯಲು, ಗಣಿತದಿಂದ ಪರೀಕ್ಷಿಸಲು, ಯಂತ್ರ ತಪ್ಪಿದಾಗ ಪ್ರಶ್ನಿಸಲು ಕಲಿಯಬೇಕು.

ರಾಜ್ಯದ 150 ಸರಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರ, ಹೊಸ ಪಾಠಗಳೊಡನೆ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು. ಆದರೂ ಐ.ಟಿ.ಐ. ಎಂದರೆ ಕಡಿಮೆ ಅಂಕದವರ ಪಾಲು ಎಂಬ ತಾತ್ಸಾರ ನಮ್ಮ ಮನೆಗಳಿಂದ ತೊಲಗಿಲ್ಲ. ಸಾಲ ಮಾಡಿ ಕೊಡಿಸಿದ ಪದವಿ ಕೆಲಸ ಕೊಡದೆ ಹೋದಾಗ ಆ ಹೊರೆ ಬೀಳುವುದು ಹೊಲದ ಮೇಲೆ.

2025ರಲ್ಲಿ ಆಯ್ಕೆಯಾದ ಜಗದ್ಗುರು ಪೋಪ್ 14ನೆಯ ಲಿಯೋ ಅವರು, 1891ರಲ್ಲಿ ಕಾರ್ಮಿಕರ ಪರವಾಗಿ ವಿಶ್ವಪತ್ರ ಹೊರಡಿಸಿದ 13ನೆಯ ಲಿಯೋ ಅವರ ಹೆಸರನ್ನು ತಾವು ತಾಳಲು ಕೃತಕ ಬುದ್ಧಿಮತ್ತೆ ಒಡ್ಡಿರುವ ಸವಾಲೂ ಕಾರಣವೆಂದರು. ದುಡಿಮೆಯ ಘನತೆಯ ಪ್ರಶ್ನೆ ಇದು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಎಸ್.ಎಸ್.ಎಲ್.ಸಿ. ಮುಗಿಸಿದ ಮಗನನ್ನು, ಮಗಳನ್ನು ಕೂಡ, ಪ್ರವೇಶದ ಅರ್ಜಿ ತುಂಬುವ ಮುನ್ನ ಒಂದು ತರಬೇತಿ ಕೇಂದ್ರಕ್ಕೆ ಕರೆದೊಯ್ಯಿರಿ. ಯಂತ್ರವನ್ನು ಕಣ್ಣಾರೆ ಕಂಡು ಅವರೇ ನಿರ್ಧರಿಸಲಿ.