ಸೀರೆ ಕೊಟ್ಟರೆ ಕೂಲಿ ಕೊಟ್ಟಂತಾಗದು

ಮೊಬೈಲಿನ ಮುಂದೆ ನಿಂತು ಅಡುಗೆ ತೋರಿಸುವ, ಸೀರೆ ಉಟ್ಟು ತೋರಿಸುವ, ಊರಿನ ಹೋಟೆಲುಗಳ ರುಚಿ ಹೇಳುವ ತರುಣ ತರುಣಿಯರು ಈಗ ಪ್ರತಿಯೊಂದು ಜಿಲ್ಲೆಯಲ್ಲೂ ಇದ್ದಾರೆ. ಇನ್‌ಫ್ಲುಯೆನ್ಸರ್ ಎಂದು ಅವರಿಗೆ ಹೆಸರು. ಹತ್ತಿಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯಂಥ ಊರಿನಲ್ಲಿ ಗಿರಣಿಗಳು ಬಾಗಿಲು ಹಾಕಿದ ಮೇಲೆ, ತಂದೆ ಮಗ್ಗದ ಮುಂದೆ ದುಡಿದ ಮನೆಯಲ್ಲೇ ಮಗಳು ಇನ್‌ಸ್ಟಾಗ್ರಾಂನಲ್ಲಿ ದುಡಿಯುವ ಕಾಲ ಬಂದಿದೆ. ಇದನ್ನು ಕೆಲಸವಿಲ್ಲದವರ ಕುಣಿತವೆಂದು ನಗುವವರುಂಟು. ನಾವು ನಗುವುದಿಲ್ಲ. ಒಬ್ಬರ ಸಮಯ, ಬೆವರು, ಜಾಣತನಗಳಿಂದ ಇನ್ನೊಬ್ಬರ ಸರಕು ಎಲ್ಲಿ ಮಾರಾಟವಾಗುತ್ತದೆಯೋ ಅಲ್ಲಿ ದುಡಿಮೆ ಇದೆ. ದುಡಿಮೆ ಇದ್ದಲ್ಲಿ ಕೂಲಿಯ ಪ್ರಶ್ನೆಯೂ ಇದೆ.

ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರೂ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕು. ಇಲ್ಲವೇ 90 ದಿನಗಳಲ್ಲಿ ಕಿರುವಿಡಿಯೋಗಳಿಗೆ 1 ಕೋಟಿ ವೀಕ್ಷಣೆ ಬರಬೇಕು. ಆ ಮೆಟ್ಟಿಲು ಹತ್ತಲಾರದ ಸಣ್ಣವರ ಕೈಗೆ ಕಾಸು ಬರುವ ದಾರಿಯೆಂದರೆ ಕಂಪೆನಿಗಳೊಡನೆ, ಅಂಗಡಿಗಳೊಡನೆ ಮಾಡಿಕೊಳ್ಳುವ ಜಾಹೀರಾತಿನ ಒಪ್ಪಂದ. 'ಕೊಲ್ಯಾಬ್' ಎಂದು ಅವರ ಭಾಷೆಯಲ್ಲಿ ಅದಕ್ಕೆ ಕರೆಯುತ್ತಾರೆ.

ಕಂಪೆನಿಗಳು ಈ ಸಣ್ಣವರನ್ನು ಹುಡುಕಿಕೊಂಡು ಬರುವುದೇಕೆ? ದಾನಧರ್ಮಕ್ಕಲ್ಲ. ಸಿನಿಮಾ ನಟನ ಮುಖಕ್ಕೆ ರಾಶಿ ಹಣ ಸುರಿಯಬೇಕು. ಸುರಿದರೂ ಅದು ದುಡ್ಡಿಗೆ ಆಡಿಸಿದ ಮಾತೆಂದು ನೋಡುವವನಿಗೆ ಗೊತ್ತು. ನಾಲ್ಕು ಸಾವಿರ ಫಾಲೋವರ್‌ಗಳಿರುವ ನಮ್ಮೂರ ಹುಡುಗಿ "ಈ ಸಾರಿನ ಪುಡಿ ಚೆನ್ನಾಗಿದೆ ಅಕ್ಕಾ" ಎಂದರೆ, ಪಕ್ಕದ ಮನೆಯವಳು ಹೇಳಿದಷ್ಟೇ ನಂಬಿಕೆ. ಆ ನಂಬಿಕೆಯನ್ನು ಅವಳು ವರ್ಷಗಟ್ಟಲೆ ಪುಕ್ಕಟೆ ದುಡಿದು ಸಂಪಾದಿಸಿದ್ದಾಳೆ. ಕಂಪೆನಿ ಕೊಳ್ಳಲು ಬಂದಿರುವ ಸರಕು ಅದೇ.

ಇಷ್ಟು ಬೆಲೆಯ ಸರಕಿಗೆ ಅವರು ಕೊಡುವುದೇನು? ಒಂದು ಸೀರೆ, ಒಂದು ಹೊತ್ತಿನ ಊಟ, ಮುಖಕ್ಕೆ ಹಚ್ಚುವ ಒಂದು ಡಬ್ಬಿ ಕ್ರೀಂ. ಇದಕ್ಕೆ 'ಬಾರ್ಟರ್' ಎಂಬ ಅಂದದ ಹೆಸರು. ಲೆಕ್ಕ ಹಾಕಿ ನೋಡೋಣ. ಸೀರೆಯ ಮೇಲಿನ ಬೆಲೆ 1,500 ರೂ. ಎಂದಿಟ್ಟುಕೊಳ್ಳಿ. ಅಂಗಡಿಗೆ ಬಿದ್ದ ಅಸಲು ಅದಕ್ಕಿಂತ ಎಷ್ಟೋ ಕಡಿಮೆ. ಅತ್ತ ಹುಡುಗಿ ಅಂಗಡಿಗೆ ಹೋಗಿ ಬಂದ ಹೊತ್ತು, ಅರ್ಧ ದಿನದ ಚಿತ್ರೀಕರಣ, ರಾತ್ರಿ ಕೂತು ಮಾಡಿದ ಎಡಿಟಿಂಗ್, ಮೂರು ಸಲ "ಹಾಗಲ್ಲ, ಹೀಗೆ" ಎಂದಾಗ ಮತ್ತೆ ಮಾಡಿದ ಕೆಲಸ. ಎರಡು ದಿನದ ದುಡಿಮೆ ಹೋಯಿತು. ಸೀರೆ ತೋರಿಸಿದರೆ ಕಿರಾಣಿ ಅಂಗಡಿಯವನು ಅಕ್ಕಿ ಅಳೆಯುವನೇ?

ಗಿರಣಿ ಕಾರ್ಮಿಕರಿಗೆ ಇದು ಹೊಸ ಮಾತಲ್ಲ. ಮಾಲೀಕರು ಕೂಲಿಯ ಬದಲು ಸಾಮಾನು ಕೊಟ್ಟು ಕೈತೊಳೆದುಕೊಳ್ಳುವುದನ್ನು ತಡೆಯಲೆಂದೇ 1936ರ ವೇತನ ಪಾವತಿ ಕಾಯಿದೆ, ಸಂಬಳವನ್ನು ಚಲಾವಣೆಯ ನಾಣ್ಯ ನೋಟುಗಳಲ್ಲೇ ಕೊಡಬೇಕೆಂದು ವಿಧಿಸಿತು. ಅಂದು ಬಾಗಿಲಿನಿಂದ ಹೊರಗೆ ಹಾಕಿದ ಪದ್ಧತಿ ಇಂದು ಮೊಬೈಲಿನ ಕಿಟಕಿಯಿಂದ ಒಳಗೆ ಬಂದಿದೆ.

"ದುಡ್ಡಿಲ್ಲದಿದ್ದರೇನು, ನಿನಗೆ ಹೆಸರು ಬರುತ್ತದಲ್ಲ" ಎಂಬುದು ಅವರ ಇನ್ನೊಂದು ಮಾತು. ಸರಕಾರದ ತೆರಿಗೆಯವರು ಮಾತ್ರ ಇದನ್ನು ಒಪ್ಪಿಲ್ಲ. 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ವೃತ್ತಿಗಾಗಿ ಒಂದು ವರ್ಷದಲ್ಲಿ ಒಬ್ಬರಿಂದ 20,000 ರೂ.ಗಳಿಗಿಂತ ಹೆಚ್ಚು ಬೆಲೆಯ ವಸ್ತು ಸೌಲಭ್ಯ ಪಡೆದರೆ ಶೇ. 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗಬೇಕು. ತೋರಿಸಿ ಹಿಂತಿರುಗಿಸಿದ ವಸ್ತುವಿಗೆ ಇದಿಲ್ಲ, ಇಟ್ಟುಕೊಂಡದ್ದಕ್ಕೆ ಉಂಟು. ಸರಕಾರದ ಲೆಕ್ಕದಲ್ಲಿ ಅದು ವರಮಾನ, ಕಂಪೆನಿಯ ಬಾಯಲ್ಲಿ ಮಾತ್ರ ಉಡುಗೊರೆ!

ಹಾಗಾದರೆ ಮಾಡಬೇಕಾದ್ದೇನು? ಗಿರಣಿಯ ಗೇಟಿನ ಮುಂದೆ ಬದಲಿ ಕಾರ್ಮಿಕ ಬೆಳಗಾಗೆದ್ದು ಕಾದು ನಿಲ್ಲುತ್ತಿದ್ದಂತೆ ಕಂಪೆನಿಯ ಕರೆಗಾಗಿ ಕಾಯಬೇಕಾಗಿಲ್ಲ. ತಾವೇ ಹೋಗಿ ಕೇಳಬೇಕು. ಮೊದಲು ತಮ್ಮೂರಿನ ಅಂಗಡಿಗಳನ್ನು ಕೇಳಬೇಕು. ಒಂದು ಹಾಳೆಯ ಪರಿಚಯಪತ್ರ ಸಾಕು: ನೋಡುವವರು ಯಾವ ಊರಿನವರು, ಯಾವ ವಯಸ್ಸಿನವರು, ಕಳೆದ ಹತ್ತು ವಿಡಿಯೋಗಳನ್ನು ಎಷ್ಟೆಷ್ಟು ಜನ ನೋಡಿದ್ದಾರೆ, ಹಿಂದೆ ಯಾರಿಗೆ ಕೆಲಸ ಮಾಡಿದ್ದೇವೆ, ದರವೇನು. ದುಡ್ಡು ಕೊಟ್ಟು ಸುಳ್ಳು ಫಾಲೋವರ್‌ಗಳನ್ನು ಕೊಂಡವರ ಬಣ್ಣ ಎರಡನೆಯ ಒಪ್ಪಂದದ ಹೊತ್ತಿಗೆ ಬಯಲಾಗುತ್ತದೆ. ದಾವಣಗೆರೆಯ ಅಂಗಡಿಗೆ ದೆಹಲಿಯ ಲಕ್ಷ ಜನರಿಗಿಂತ ದಾವಣಗೆರೆಯ ಎರಡು ಸಾವಿರ ಜನ ಮೇಲು. ಸಣ್ಣವರ ಬಲ ಇರುವುದೇ ಇಲ್ಲಿ.

ದರ ಹೇಳುವಾಗ ನಾಚಿಕೆ ಬೇಡ. ದಿನದ ದುಡಿಮೆ, ಓಡಾಟ, ಎಡಿಟಿಂಗ್ ಇವುಗಳ ಲೆಕ್ಕವನ್ನು ಬೇರೆ ಬೇರೆ ಬರೆಯಬೇಕು. ಒಪ್ಪಂದ ಬಾಯಿಮಾತಿನಲ್ಲಿರದೆ ಕಾಗದದ ಮೇಲಿರಬೇಕು. ವಾಟ್ಸಾಪಿನಲ್ಲಿ ಬರೆದು ಒಪ್ಪಿಸಿಕೊಂಡರೂ ಏನೂ ಇಲ್ಲದ್ದಕ್ಕಿಂತ ವಾಸಿ. ಎಷ್ಟು ವಿಡಿಯೋ, ಯಾವ ದಿನ, ಎಷ್ಟು ಸಲ ತಿದ್ದುಪಡಿ, ಅರ್ಧ ಹಣ ಮುಂಗಡ ಎಂಬುದು ಸ್ಪಷ್ಟವಿರಬೇಕು. ಎರಡು ಗುಟ್ಟಿನ ಷರತ್ತುಗಳ ಬಗ್ಗೆ ಎಚ್ಚರ. ನಿಮ್ಮ ವಿಡಿಯೋವನ್ನು ಕಂಪೆನಿ ತನ್ನ ಜಾಹೀರಾತಾಗಿ ವರ್ಷವಿಡೀ ಓಡಿಸುವುದು ಒಂದು. ಆರು ತಿಂಗಳು ಬೇರೆ ಕಂಪೆನಿಯ ಸರಕು ತೋರಿಸಬಾರದೆಂದು ಕೈ ಕಟ್ಟುವುದು ಇನ್ನೊಂದು. ಎರಡಕ್ಕೂ ಬೇರೆ ಬೆಲೆ ಉಂಟು.

ಹಣ ತಡೆಹಿಡಿಯುವವರಿಗೂ ಮದ್ದಿದೆ. ಸೇವೆ ಒದಗಿಸುವವರು ಉದ್ಯಮ್ ನೋಂದಣಿ ಮಾಡಿಸಿ ಕಿರು ಉದ್ದಿಮೆದಾರರಾಗಬಹುದು, ಅದಕ್ಕೆ ಶುಲ್ಕವಿಲ್ಲ. ಅಂಥವರ ಬಾಕಿಯನ್ನು 45 ದಿನಗಳೊಳಗೆ ತೀರಿಸಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕೆಂದೂ 2006ರ ಕಾಯಿದೆ ಹೇಳುತ್ತದೆ. ಕೆಲಸ ಒಪ್ಪುವ ಮೊದಲೇ ನೋಂದಣಿ ಮಾಡಿಸಿಕೊಳ್ಳುವುದು ಜಾಣತನ.

ಇಲ್ಲಿಯವರೆಗೆ ಹಕ್ಕಿನ ಮಾತಾಯಿತು. ಇನ್ನು ಹೊಣೆಯ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಣ ಪಡೆದು ಹೇಳಿದ್ದನ್ನು ಹಣ ಪಡೆದೇ ಹೇಳಿದ್ದೆಂದು ತಿಳಿಸಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಯಂತೆ, ಪುಕ್ಕಟೆ ಪಡೆದ ವಸ್ತುವಿದ್ದರೂ ಅದನ್ನು ಎದ್ದು ಕಾಣುವಂತೆ ಹೇಳಬೇಕು. ವಿಡಿಯೋದಲ್ಲಾದರೆ ಅಕ್ಷರದಲ್ಲೂ ದನಿಯಲ್ಲೂ ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ. ದೊಡ್ಡವರು ವಕೀಲರನ್ನು ಇಡುತ್ತಾರೆ. ಸಣ್ಣವರು ಮನೆ ಮಾರಬೇಕಾದೀತು.

ಜೂಜಿನ ಆ್ಯಪ್‌ಗಳು ಸೀರೆಯಲ್ಲಿ ಮುಗಿಸುವುದಿಲ್ಲ, ಕೈತುಂಬ ಕೊಡುತ್ತೇವೆನ್ನುತ್ತವೆ. ಆ ದುಡ್ಡು ಎಲ್ಲಿಂದ ಬರುತ್ತದೆ? ನಮ್ಮದೇ ಓಣಿಯ ಹಮಾಲನ, ಆಟೋ ಚಾಲಕನ ಜೇಬಿನಿಂದ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತಿಗೆ 2 ವರ್ಷದವರೆಗೆ ಸೆರೆ, 50 ಲಕ್ಷ ರೂ.ವರೆಗೆ ದಂಡ ವಿಧಿಸಬಹುದಾದ ಕಾಯಿದೆಯನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದೆ. ಕಾಯಿದೆ ಇಲ್ಲದಿದ್ದರೂ ನಮ್ಮವರ ಮನೆ ಮುರಿಯುವ ಕೂಲಿ ನಮಗೆ ಬೇಡ.

ಸಣ್ಣ ವ್ಯಾಪಾರಿ ಮಿತ್ರರಲ್ಲೂ ಒಂದು ಮಾತು. ಆನ್‌ಲೈನ್ ದೈತ್ಯರು ನಿಮ್ಮ ಗಿರಾಕಿಗಳನ್ನು ಸೆಳೆಯುತ್ತಿರುವಾಗ ಈ ತರುಣರು ನಿಮ್ಮ ಎದುರಾಳಿಗಳಲ್ಲ, ಜೊತೆಗಾರರು. ಫ್ಲೆಕ್ಸು ಬರೆಸಿದವನಿಗೆ, ಆಟೋದಲ್ಲಿ ಮೈಕು ಕಟ್ಟಿ ಕೂಗಿದವನಿಗೆ ನೀವು ದುಡ್ಡು ಕೊಡುತ್ತೀರಿ. ಇವರಿಗೂ ಕೊಡಿ. ಅಷ್ಟು ಶಕ್ತಿಯಿಲ್ಲದಿದ್ದರೆ ನಾಲ್ಕು ಅಂಗಡಿಯವರು ಸೇರಿ ಕೊಡಿ. ಇಲ್ಲದ ಗುಣ ಹೇಳೆಂದು ಮಾತ್ರ ಒತ್ತಾಯಿಸಬೇಡಿ.

ಕಡೆಯದಾಗಿ, ಒಬ್ಬೊಬ್ಬರೇ ನಿಂತು ಕೇಳಿದರೆ ದರ ಏರದು. "ನೀನಲ್ಲದಿದ್ದರೆ ಇನ್ನೊಬ್ಬಳು ಸೀರೆಗೇ ಮಾಡುತ್ತಾಳೆ" ಎಂಬ ಬೆದರಿಕೆ ನಡೆಯುವುದು, ಇನ್ನೊಬ್ಬಳಿಗೆ ಎಷ್ಟು ಕೊಟ್ಟರೆಂದು ಇವಳಿಗೆ ಗೊತ್ತಿಲ್ಲದಿರುವುದರಿಂದ. ದರದ ಗುಟ್ಟು ಮಾಲೀಕನ ಲಾಭ. 2020ರ ಜೂನ್ 29ರಂದು ಸರಕಾರ ಟಿಕ್‌ಟಾಕ್ ನಿಷೇಧಿಸಿದಾಗ ಎಷ್ಟೋ ಜನರ ವರ್ಷಗಳ ಗಳಿಕೆ ಒಂದೇ ರಾತ್ರಿಯಲ್ಲಿ ಅಳಿಸಿಹೋಯಿತು. ಅವರ ಪರವಾಗಿ ಕೇಳುವ ಸಂಘವಿರಲಿಲ್ಲ. ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕರ್ನಾಟಕ ಸಾಮಾಜಿಕ ಭದ್ರತೆಯ ಕಾಯಿದೆ ತಂದಿತು. ಊಟ ಹೊತ್ತು ತರುವವರು, ಕಾರು ಓಡಿಸುವವರು ಸಂಘ ಕಟ್ಟಿ ಕೇಳದಿದ್ದರೆ ಅದು ಬರುತ್ತಿತ್ತೇ?

ಊರಿಗೆ ಹತ್ತು ಜನರಿದ್ದರೂ ಸಾಕು. ತಿಂಗಳಿಗೊಮ್ಮೆ ಸೇರಿ, ಯಾರು ಎಷ್ಟು ಕೊಟ್ಟರು, ಯಾರು ಕೊಡದೆ ಸತಾಯಿಸಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಇದಕ್ಕಿಂತ ಕೆಳಗೆ ಯಾರೂ ಕೆಲಸ ಮಾಡುವುದಿಲ್ಲವೆಂಬ ದರವೊಂದನ್ನು ಕೂಡಿ ನಿಶ್ಚಯಿಸಿ. ಗಿರಣಿಯಲ್ಲಿ ದುಡಿದ ನಿಮ್ಮ ಹಿರಿಯರು ಕೂಲಿ ಏರಿಸಿಕೊಂಡದ್ದು ಹೀಗೆಯೇ; ಬೇರೆ ದಾರಿ ಅವರಿಗೂ ಇರಲಿಲ್ಲ.