ಉಪವಿಧಿಗಳ ಅರಿವು: ದಂಡ ತೆತ್ತ ಮೇಲಲ್ಲ, ಮೊದಲೇ ಇರಲಿ

ಜಿ.ಎಸ್.ಟಿ. ಹಾಗೂ ಆದಾಯ ತೆರಿಗೆಯ ವಿಷಯದಲ್ಲಿ ನಮ್ಮ ವರ್ತಕ ಬಾಂಧವರು ಲೆಕ್ಕಪರಿಶೋಧಕರ ಸಲಹೆ ಪಡೆದು ಸದಾ ಜಾಗರೂಕರಾಗಿರುತ್ತಾರೆ. ಆದರೆ ಅಂಗಡಿಯ ಹೊಸ್ತಿಲಿಗೇ ಅನ್ವಯವಾಗುವ ಸ್ಥಳೀಯ ನಿಯಮಗಳನ್ನು ಓದಿದವರು ವಿರಳ. ನಿಯಮ ತಿಳಿದಿರಲಿಲ್ಲವೆಂಬ ಸಮಜಾಯಿಷಿಯನ್ನು ಕಾನೂನು ಮನ್ನಿಸುವುದಿಲ್ಲ.

ಪ್ಲಾಸ್ಟಿಕ್ ಕೈಚೀಲದ ಉದಾಹರಣೆಯನ್ನೇ ನೋಡೋಣ. ಕೇಂದ್ರದ ನಿಯಮದಂತೆ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಗಳು ನಿಷಿದ್ಧ. ಇದನ್ನು ಕೇಳಿದ ಚಿಲ್ಲರೆ ವ್ಯಾಪಾರಿಯು ದಪ್ಪ ಚೀಲಗಳನ್ನು ಖರೀದಿಸಿ ನಿಶ್ಚಿಂತನಾಗುತ್ತಾನೆ. ಆದರೆ ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲಗಳ ತಯಾರಿಕೆ, ಸಂಗ್ರಹ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿದೆ. ಹೀಗೆ ಸದುದ್ದೇಶದಿಂದಲೇ ಹೂಡಿದ ಬಂಡವಾಳವು ತಪಾಸಣೆಯ ದಿನ ಜಪ್ತಿಯಾಗುತ್ತದೆ, ದಂಡವೂ ಬೀಳುತ್ತದೆ. ಎರಡು ನಿಯಮಗಳಲ್ಲಿ ಬಿಗಿಯಾದುದು ಯಾವುದೆಂದು ಮೊದಲೇ ವಿಚಾರಿಸಿದ್ದರೆ ಈ ನಷ್ಟ ತಪ್ಪುತ್ತಿತ್ತು.

ಪರವಾನಗಿಯಲ್ಲಿಯೂ ಇಂತಹುದೇ ಗೊಂದಲವಿದೆ. ಉದ್ದಿಮೆ ಪರವಾನಗಿಯನ್ನು ನೀಡುವುದು ನಗರಸಭೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದನ್ವಯ ನೋಂದಣಿ ಮಾಡುವುದು ಕಾರ್ಮಿಕ ಇಲಾಖೆ. ಒಂದಿದ್ದರೆ ಮತ್ತೊಂದು ಬೇಡವೆಂಬ ಭಾವನೆ ತಪ್ಪು. ನಾಮಫಲಕದ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬುದು 2024ರ ತಿದ್ದುಪಡಿಯಿಂದ ಕಡ್ಡಾಯವಾಗಿದೆ. ಹೊಸ ಫಲಕ ಬರೆಸುವ ಮುನ್ನ ಇದನ್ನು ಗಮನಿಸಿದರೆ ಎರಡು ಬಾರಿ ಖರ್ಚು ಮಾಡಬೇಕಾಗಿಲ್ಲ.

ಹಾಗೆಂದು ಹೊಣೆಯೆಲ್ಲವೂ ವರ್ತಕರದೇ ಅಲ್ಲ. ಪೌರಸಂಸ್ಥೆಗಳು ತಮ್ಮ ನಿಯಮಗಳನ್ನು ತಾವಾಗಿಯೇ ಪ್ರಕಟಿಸಬೇಕೆಂಬುದು 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣದ ಆಶಯ. ಹಲವು ಊರುಗಳಲ್ಲಿ ಅವು ಇಂದಿಗೂ ಕಡತಗಳಲ್ಲೇ ಉಳಿದಿವೆ. ಜನರಿಗೆ ತಿಳಿಸದೆ ದಂಡ ವಸೂಲಿಗೆ ಹೊರಡುವುದು ಆಡಳಿತಕ್ಕೆ ಶೋಭೆಯಲ್ಲ.

ನಮ್ಮ ಕೈಯಲ್ಲಿರುವ ಹಕ್ಕುಗಳನ್ನೂ ನಾವು ಮರೆತಿದ್ದೇವೆ. ಪೌರಸಂಸ್ಥೆಯು ಉಪವಿಧಿ ರಚಿಸುವಾಗ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಬೇಕು. ಆಗ ಮೌನವಾಗಿದ್ದು, ಜಾರಿಯಾದ ಮೇಲೆ ಬಾಗಿಲು ಮುಚ್ಚಿ ಪ್ರತಿಭಟಿಸುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಅಂತೆಯೇ ಉದ್ದಿಮೆ ಪರವಾನಗಿಯ ಅರ್ಜಿಗೆ ಸಕಾಲ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಬೇಕು. ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರಕ್ಕೆ ಅವಕಾಶವಿದೆ. ಮೊತ್ತ ಅಲ್ಪವಾದರೂ ವಿಳಂಬಕ್ಕೆ ಉತ್ತರದಾಯಿಯಾರೆಂಬುದು ಅದರಿಂದ ದಾಖಲಾಗುತ್ತದೆ.

ಈ ನಿಟ್ಟಿನಲ್ಲಿ ಎರಡು ಸಲಹೆಗಳು. ನಗರಸಭೆಯು ವರ್ತಕರಿಗೆ ಅನ್ವಯಿಸುವ ಎಲ್ಲ ನಿಯಮ, ಶುಲ್ಕ ಹಾಗೂ ದಂಡದ ವಿವರಗಳನ್ನು ಸರಳ ಕನ್ನಡದ ಕಿರುಹೊತ್ತಿಗೆಯಾಗಿ ಪ್ರಕಟಿಸಲಿ. ನಮ್ಮ ಸಂಸ್ಥೆಯು ಒಂದು ಉಪಸಮಿತಿಯನ್ನು ರಚಿಸಿ, ಪ್ರತಿ ಕರಡು ಉಪವಿಧಿಯನ್ನೂ ಪರಿಶೀಲಿಸಿ ಸಕಾಲದಲ್ಲಿ ಲಿಖಿತ ಅಭಿಪ್ರಾಯ ಸಲ್ಲಿಸಲಿ. ನಿಯಮವನ್ನು ಅರಿತು ಪಾಲಿಸುವ ವರ್ತಕನಿಗೆ ಮಾತ್ರವೇ ಅನ್ಯಾಯದ ನಿಯಮವನ್ನು ಪ್ರಶ್ನಿಸುವ ನೈತಿಕ ಬಲವಿರುತ್ತದೆ.