ಅಚ್ಚನ್ನು ಬೈಯೋದು ಬಿಡಿ, ಲೆಕ್ಕ ತಿದ್ದಿ

ಪಿಯುಸಿಯಿಂದ ನಮಗೆ ಹೇಳಿಕೊಟ್ಟಿರೋದು ಒಂದೇ: ವಕ್ರೀಭವನ ಸೂಚ್ಯಂಕ ಅನ್ನೋದು ಗಾಜಿನ ಗುಣ. ಯಾವ ಗಾಜು ಅಂತ ಗೊತ್ತಾದರೆ ಟೇಬಲ್ ನೋಡಿ, ನಂಬರ್ ಹಾಕಿ, ಲೆಕ್ಕ ಮುಗಿಸಿ. ಥರ್ಮಲ್ ಕ್ಯಾಮೆರಾದ ಲೆನ್ಸ್ ವಿಷಯದಲ್ಲಿ ಈ ಅಭ್ಯಾಸ ಕೈ ಕೊಡುತ್ತೆ.

ಈ ಕ್ಯಾಮೆರಾಗಳು ನೋಡೋದು 8ರಿಂದ 12 ಮೈಕ್ರಾನ್ ಇನ್‌ಫ್ರಾರೆಡ್ ಬೆಳಕನ್ನು. ಕಿಟಕಿಯ ಗಾಜು ಅದನ್ನು ಒಳಗೆ ಬಿಡೋದೇ ಇಲ್ಲ. ಹಾಗಾಗಿ ಜರ್ಮೇನಿಯಂ ಬೇಕು, ಇಲ್ಲವೇ ಸೆಲೆನಿಯಂ ಜೊತೆ ಆರ್ಸೆನಿಕ್, ಆಂಟಿಮನಿಯಂಥವು ಸೇರಿದ ಚಾಲ್ಕೊಜೆನೈಡ್ ಗಾಜು ಬೇಕು. ಜರ್ಮೇನಿಯಂ ಲೆನ್ಸನ್ನು ವಜ್ರದ ಟೂಲ್‌ನಲ್ಲಿ ಒಂದೊಂದಾಗಿ ಕಡೆಯುತ್ತಾರೆ. ಚಾಲ್ಕೊಜೆನೈಡ್ ಆದರೆ ಬಿಸಿ ಮಾಡಿ, ಮೆತ್ತಗಾದಾಗ ಅಚ್ಚಿನಲ್ಲಿ ಒತ್ತಿ, ತಣಿಸಿದರೆ ಆಯ್ತು.

ಸಮಸ್ಯೆ ಇರೋದು ಈ ತಣಿಸೋದರಲ್ಲಿ. ಗಾಜು ತಯಾರಿಸುವಾಗ ನಿಧಾನವಾಗಿ ತಣಿಸಿರುತ್ತಾರೆ, ಪರಮಾಣುಗಳಿಗೆ ಒತ್ತಾಗಿ ಕೂರಲು ಸಮಯ ಸಿಗುತ್ತೆ. ಅಚ್ಚಿನಲ್ಲಿ ಬೇಗ ತಣಿಸುತ್ತಾರೆ. ಎಲ್ಲರೂ ಸರಿದು ಕೂರುವ ಮೊದಲೇ ಸಿಟಿ ಬಸ್ ಹೊರಟ ಹಾಗೆ, ನಡುವೆ ಜಾಗ ಹಾಗೇ ಉಳಿಯುತ್ತೆ. ಸಾಂದ್ರತೆ ಸ್ವಲ್ಪ ಇಳಿಯುತ್ತೆ, ಅದರ ಜೊತೆ ಸೂಚ್ಯಂಕವೂ ಇಳಿಯುತ್ತೆ.

ಸ್ವಲ್ಪ ತಾನೇ? ಲೆಕ್ಕ ಹಾಕೋಣ. 2.60 ಇದ್ದದ್ದು 2.59 ಆಯ್ತು ಅಂದುಕೊಳ್ಳಿ. 25 ಮಿ.ಮೀ. ಫೋಕಲ್ ಲೆಂಗ್ತ್ ಸುಮಾರು 0.16 ಮಿ.ಮೀ. ಹೆಚ್ಚಾಗುತ್ತೆ. ಎಫ್/1 ಲೆನ್ಸಿಗೆ 10 ಮೈಕ್ರಾನ್ ಬೆಳಕಿನಲ್ಲಿ ಫೋಕಸ್ ತಪ್ಪಲು ಇರುವ ಅವಕಾಶ ಆಚೀಚೆ ಸುಮಾರು 0.02 ಮಿ.ಮೀ. ಮಾತ್ರ. ಎಂಟು ಪಟ್ಟು ಮೀರಿತು! ಲೆನ್ಸನ್ನು ಸ್ವಲ್ಪ ಸರಿಸಿ ಸರಿ ಮಾಡಬಹುದು, ನಿಜ. ಆದರೆ ಫೋಕಸ್ ಫಿಕ್ಸ್ ಆಗಿರುವ ಕ್ಯಾಮೆರಾದಲ್ಲಿ ಆಗಲ್ಲ. ಹೊಗೆಯೊಳಗೆ ಮನುಷ್ಯರನ್ನು ಹುಡುಕುವ ಅಗ್ನಿಶಾಮಕ ಸಿಬ್ಬಂದಿಗೆ ಮಸುಕು ಚಿತ್ರ ಕೊಟ್ಟು ಏನು ಪ್ರಯೋಜನ?

ಹಾಗಂತ ಅಚ್ಚಿನ ಲೆನ್ಸೇ ಕಳಪೆ ಅನ್ನೋದನ್ನು ನಾನು ಒಪ್ಪಲ್ಲ. ಮತ್ತೆ ಕಾಯಿಸಿ ನಿಧಾನವಾಗಿ ತಣಿಸಿದರೆ ಸೂಚ್ಯಂಕ ಬಹುಮಟ್ಟಿಗೆ ವಾಪಸ್ ಬರುತ್ತೆ, ಆದರೆ ಲೆನ್ಸಿನ ಆಕಾರ ಕೆಡುವ ಭಯ ಇದೆ. ಅದಕ್ಕಿಂತ ಸುಲಭದ ದಾರಿ ಇದೆ. ಪ್ರತಿ ಸಲ ಒಂದೇ ವೇಗದಲ್ಲಿ ತಣಿಸಿದರೆ ಇಳಿಕೆಯೂ ಹೆಚ್ಚುಕಡಿಮೆ ಒಂದೇ ಇರುತ್ತೆ. ಆ ಇಳಿದ ನಂಬರನ್ನೇ ಡಿಸೈನಿಗೆ ಹಾಕಬೇಕು. 2023ರ ಆಗಸ್ಟ್‌ನಿಂದ ಚೀನಾ ಜರ್ಮೇನಿಯಂ ರಫ್ತಿಗೆ ನಿಯಂತ್ರಣ ಹಾಕಿರುವಾಗ, ಕಡಿಮೆ ಖರ್ಚಿನಲ್ಲಿ ಸಾವಿರಾರು ಲೆನ್ಸ್ ಕೊಡಬಲ್ಲ ವಿಧಾನವನ್ನು ಬಿಡೋದು ಜಾಣತನ ಅಲ್ಲ.

ನಮ್ಮ ಕ್ಲಾಸಿನಲ್ಲೂ ಇದನ್ನು ಹೇಳಬೇಕು. ಟೇಬಲಿನಲ್ಲಿರೋದು ಗಾಜಿನ ನಂಬರ್. ಲೆನ್ಸ್ ಆದ ಮೇಲಿನ ನಂಬರನ್ನು ನಾವೇ ಅಳೆಯಬೇಕು.